ಹನ್ನೆರಡು ಲಾರಿ, ಒಬ್ಬ ಮಾಲಕ

ಸಿಂಧನೂರು

ಸಿಂಧನೂರಿನಲ್ಲಿ ಹನ್ನೆರಡು ಲಾರಿ ಇದ್ದವನ ನಡಿಗೆಯೇ ಬೇರೆ. ಅಕ್ಕಿ ಗಿರಣಿಗೆ ಹೋದರೆ ಕುರ್ಚಿ ಒರೆಸಿ ಕೊಡುತ್ತಾರೆ, ಹೋಟೆಲಿಗೆ ಹೋದರೆ ಕೇಳುವ ಮೊದಲೇ ಚಹಾ ಬರುತ್ತದೆ, ಲಗ್ನಪತ್ರಿಕೆಯಲ್ಲಿ ಹೆಸರು ದಪ್ಪಕ್ಷರದಲ್ಲಿ ಅಚ್ಚಾಗುತ್ತದೆ. ನನ್ನ ಬಳಿಯೂ ಹನ್ನೆರಡು ಲಾರಿಗಳಿದ್ದವು. ಹನ್ನೆರಡೂ ಮಿಲಿಟರಿಯವು. ಹನ್ನೆರಡೂ ಸೇರಿ ಒಂದು ಬೂಟಿನ ಡಬ್ಬಿಯಲ್ಲಿ ಮಲಗುತ್ತಿದ್ದವು. ಆದ್ದರಿಂದ ನನಗೆ ಯಾರೂ ಕುರ್ಚಿ ಕೊಡಲಿಲ್ಲ.

ವಿಷಯ ಇಷ್ಟು. ಪರದೇಶಗಳಲ್ಲಿ ತಲೆ ನರೆತ, ಪಿಂಚಣಿ ಬರುವ, ನೋಡಲು ಸಂಭಾವಿತರಾದ ಗಂಡಸರು ಮೇಜಿನ ಮೇಲೆ ಯುದ್ಧ ಆಡುತ್ತಾರೆ. ದಾಳ ಉರುಳಿಸುತ್ತಾರೆ, ಟೇಪು ಹಿಡಿದು ಅಳೆಯುತ್ತಾರೆ, ಬೆರಳುದ್ದದ ಸೈನ್ಯವನ್ನು ಅಷ್ಟಷ್ಟೇ ಮುಂದೆ ಸರಿಸುತ್ತಾರೆ. ಆ ಸೈನ್ಯಕ್ಕೆ ಬಣ್ಣ ಹಚ್ಚುವುದೂ ಒಂದು ಕಸುಬು. ಸಿಂಧನೂರಿನಲ್ಲಿ ಆ ಕಸುಬು ಮಾಡುವ ಏಕೈಕ ಮೂರ್ಖ ನಾನು, ಶರಣಬಸವ.

ಹೊಟ್ಟೆಪಾಡಿಗೆ ನಾನು ಮಸ್ಕಿ ರಸ್ತೆಯಲ್ಲಿರುವ ನಮ್ಮ ಅಮರೇಶ ಕಾಕಾನ ಶೆಡ್ಡಿನಲ್ಲಿ ದುಡಿಯುತ್ತೇನೆ. ಕಾಕಾ ನಿಜವಾದ ಲಾರಿಗಳಿಗೆ ಬಣ್ಣ ಹಚ್ಚುವವನು. ಸುತ್ತಲಿನ ಮೂರು ತಾಲ್ಲೂಕಿನಲ್ಲಿ ಲಾರಿಯ ಹಿಂದೆ ಓದಲು ಬರುವಂಥ ಅಕ್ಷರ ಕಂಡರೆ ಅದು ಕಾಕಾನದು. ನನ್ನ ಪಾಲಿಗೆ ಎಮರಿ ಕಾಗದ ಹಿಡಿದು ತುಕ್ಕು ತಿಕ್ಕುವ ಕೆಲಸ. ಸಣ್ಣ ಲಾರಿಗಳ ಚಿತ್ರಕಲೆಗೆ ನನಗೆ ದಕ್ಕಿದ ಜಾಗ ಶೆಡ್ಡಿನ ಹಿಂದೆ ಬಿದ್ದಿದ್ದ ಒಂದು ಗುಜರಿ ಲಾರಿಯ ಕ್ಯಾಬಿನ್ನು. ಅದರಲ್ಲಿ ಮೊದಲಿನಿಂದ ವಾಸವಿದ್ದ ನಾಯಿಗೂ ನನಗೂ ಜಾಗದ ತಕರಾರು ಇನ್ನೂ ಇತ್ಯರ್ಥವಾಗಿಲ್ಲ.

ನನಗೆ ಇನ್ನೊಂದು ಚಟವಿದೆ, ಕಂಡವರ ದನಿ ತೆಗೆಯುವುದು. ಸಣ್ಣ ಲಾರಿಗೆ ಬಣ್ಣ ಹಚ್ಚುತ್ತಾ ಕಾಕಾನ ದನಿಯಲ್ಲಿ ನನ್ನನ್ನೇ ಬೈದುಕೊಳ್ಳುವ ವಿಡಿಯೋಗಳನ್ನು ಮಾಡಿ ಇಂಟರ್ನೆಟ್ಟಿಗೆ ಬಿಡುತ್ತಿದ್ದೆ. ಅವನ್ನು ಹಾಲೆಂಡಿನ ಹೆಂಕ್ ಎಂಬ ಎಪ್ಪತ್ತು ದಾಟಿದ ಮುದುಕ ನೋಡಿದ. ಒಂದು ಮಾತೂ ಅರ್ಥವಾಗಲಿಲ್ಲವಂತೆ, ಕೈ ಮಾತ್ರ ಇಷ್ಟವಾಯಿತಂತೆ. ಹನ್ನೆರಡು ಲಾರಿಗಳ ಬಿಡಿಭಾಗಗಳನ್ನು ಪಾರ್ಸೆಲ್ ಮಾಡಿದ. ಬಣ್ಣ ಮುಗಿಯುವ ಹೊತ್ತಿಗೆ ಅವನ ಆಟದ ಕ್ಲಬ್ಬಿನವರು ಟಿಕೆಟ್ಟನ್ನೂ ಕಳಿಸಿದರು. ಅವರ ಊರಿನ ಒಂದು ಪುಟ್ಟ ಸಂಗ್ರಹಾಲಯಕ್ಕೆ ಹಳೆಯ ಯುದ್ಧದ ಲಾರಿ ಸಾಲಿನ ದೊಡ್ಡ ಮಾದರಿ ಬೇಕಾಗಿತ್ತು, ಇನ್ನೂರು ಲಾರಿ. ಬಣ್ಣ ಹಚ್ಚುವವರನ್ನು ಕ್ಲಬ್ಬಿನವರೇ ಆರಿಸಬೇಕು. ಲಾರಿ ತಂದು ತೋರಿಸು ಎಂದರು.

ಕಾಕಾನಿಗೆ ಹೇಳಿದೆ. ಅವನು ಬೀಡಿಯ ಹೊಗೆಯ ಆಚೆಯಿಂದ ನನ್ನನ್ನು ನೋಡಿದ.

“ಆಟಿಗಿ ಸಾಮಾನು ತೋರ್ಸಾಕ ಇಮಾನದಾಗ ಹೊಂಟಿಯೇನ್ಲೇ ಮಂಗ್ಯಾ?”

“ಆಟಿಗಿ ಅಲ್ಲ ಕಾಕಾ. ಮಿಲಿಟರಿ ಟ್ರಾನ್ಸ್‌ಪೋರ್ಟ್.”

“ಹೌದೌದು. ಭಾಳ ದೊಡ್ಡ ಟ್ರಾನ್ಸ್‌ಪೋರ್ಟು. ನಿನ್ನ ಲಾರ್‍ಯಾಗ ಒಂದು ಶೇಂಗಾ ಬೀಜ ಹೇರಿದ್ರ ಓವರ್‌ಲೋಡ್ ಆಕ್ಕತಿ.” ಬೀಡಿ ಹೊಸಕಿ ಹಾಕಿದ. “ಕೇಳಿಲ್ಲಿ. ಆ ಇನ್ನೂರು ಲಾರಿ ಕೆಲ್ಸ ತಂದಿ ಅಂದ್ರ ಶೆಡ್ಡಿನ್ಯಾಗ ನಿನಗೊಂದು ಮೂಲಿ ಕೊಡ್ತೀನಿ, ಬೆಳಕು ಬರೋ ಮೂಲಿ. ತರ್ಲಿಲ್ಲಾಂದ್ರ ಆ ಇಲಿಬಾಲದ ಬ್ರಷ್ಷು ಗಟಾರಕ್ಕ, ನೀ ಎಮರಿಗೆ. ಆತಿಲ್ಲ?”

ಆಯಿತು ಎಂದೆ. ಆ ಮಾತನ್ನು ಕಾಕಾನದೇ ದನಿಯಲ್ಲಿ ಆಡಿದ್ದರಿಂದ ಥಿನ್ನರಿನ ಡಬ್ಬಿ ನನ್ನ ಕಿವಿಯ ಪಕ್ಕದಿಂದ ಹಾದುಹೋಯಿತು.

ಲಿಂಗಸುಗೂರು ಮತ್ತು ಮಸ್ಕಿ

ಪರದೇಶದ ಪ್ರವಾಸ ಲಿಂಗಸುಗೂರಿನಿಂದ ಶುರುವಾಗುತ್ತದೆ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಆದರೆ ಚಳಿಯ ಕೋಟು ಅಲ್ಲಿರುವ ದೊಡ್ಡವ್ವನ ಟ್ರಂಕಿನಲ್ಲಿತ್ತು. ಅದು ದೊಡ್ಡಪ್ಪ ಯಾವ ಕಾಲದಲ್ಲೋ ಹೊಲಿಸಿಕೊಂಡದ್ದು. ದೊಡ್ಡಪ್ಪನ ಎದೆ ನನ್ನದಕ್ಕಿಂತ ಒಂದೂವರೆ ಪಾಲು. ಹಾಕಿಕೊಂಡು ಕನ್ನಡಿ ನೋಡಿದೆ. ಹೊಲದಲ್ಲಿ ಹಕ್ಕಿ ಓಡಿಸಲು ನಿಲ್ಲಿಸಿದ ಬೆದರುಬೊಂಬೆಗೆ ಬಡ್ತಿ ಸಿಕ್ಕ ಹಾಗಿತ್ತು.

“ಚಂದ ಕಾಣ್ತೀಯಪಾ. ಒಳಗ ಇನ್ನೊಬ್ಬರು ಹಿಡಿಸ್ತಾರ, ಯಾರಿಗರ ಚಳಿ ಆದ್ರ ಕರ್ಕೋ” ಎಂದಳು ದೊಡ್ಡವ್ವ.

ಅಲ್ಲಿಂದ ಮಸ್ಕಿ. ಅಲ್ಲಿ ನನಗೆ ಮಣ್ಣು ಬೇಕಿತ್ತು. ಯುದ್ಧಕ್ಕೆ ಹೋದ ಲಾರಿ ಶೋರೂಮಿನಿಂದ ಇಳಿದ ಹಾಗೆ ಹೊಳೆಯಬಾರದು. ಚಕ್ರಕ್ಕೆ ಕೆಸರು, ಬಾನೆಟ್ಟಿಗೆ ಧೂಳು ಇರಬೇಕು. ಸಿಂಧನೂರಿನ ಗದ್ದೆಯ ಎರೆಮಣ್ಣು ಕೆಸರಿಗೆ ಲಾಯಕ್ಕು, ಅದನ್ನು ಚಕ್ರಗಳಿಗೆ ಆಗಲೇ ಹಚ್ಚಿಯಾಗಿತ್ತು. ಧೂಳಿಗೆ ಮಾತ್ರ ಮಸ್ಕಿ ಗುಡ್ಡದ ಬುಡದ ಕೆಂಪು ಮಸಾರಿ ಮಣ್ಣೇ ಆಗಬೇಕು. ಬಟ್ಟೆಯಲ್ಲಿ ಸೋಸಿದರೆ ಮುಖಕ್ಕೆ ಬಳಿಯುವ ಪೌಡರಿನಷ್ಟು ನಯ. ಯುದ್ಧ ಸಾಕಪ್ಪಾ ಎಂದ ರಾಜನ ಶಾಸನವಿರುವ ಗುಡ್ಡ ಅದು. ಅದರ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಯುದ್ಧದ ಲಾರಿಗಳಿಗೆ ಧೂಳು ತುಂಬಿಕೊಳ್ಳುವಾಗ ನನಗೆ ನಾಚಿಕೆ ಆಗಬೇಕಿತ್ತು. ಆಗಲಿಲ್ಲ, ಕಾಲು ಜೋಮು ಹಿಡಿಯಿತು ಅಷ್ಟೇ.

ಈ ಎರಡು ದಿನದ ಸುತ್ತಾಟದಲ್ಲಿ ನಾನು ಒಂದು ಘನವಾದ ತಪ್ಪು ಮಾಡಿದ್ದೆ. ಲಾರಿಗಳನ್ನು ಡಬ್ಬಿಗೆ ತುಂಬುವ ಕೆಲಸವನ್ನು ಕಾಕಾನಿಗೆ ಬಿಟ್ಟು ಹೋಗಿದ್ದೆ. “ಲೋಡ್ ಕಟ್ಟೋದು ನನಗ ಕಲಸ್ತೀಯೇನ್ಲೇ?” ಎಂದು ಅವನೇ ಮೇಲೆ ಬಿದ್ದು ಇಸಿದುಕೊಂಡಿದ್ದ. ತಿರುಗಿ ಬಂದಾಗ ಡಬ್ಬಿಗೆ ಸುತ್ತಲೂ ಹಗ್ಗ ಬಿಗಿದು ಭತ್ತದ ಲೋಡಿಗೆ ಹಾಕುವ ಗಂಟು ಹಾಕಿಟ್ಟಿದ್ದ. ನನ್ನ ಅತಿ ಸಣ್ಣ ಬ್ರಷ್ಷು, ಮೂರೇ ಮೂರು ಕೂದಲಿನದು, ಜಾಗದಲ್ಲಿರಲಿಲ್ಲ. ನಾಯಿಯ ಮೇಲೆ ಅನುಮಾನಪಟ್ಟೆ. ತಂದ ಮಣ್ಣನ್ನು ಅಲ್ಲಿಯೇ ಹಚ್ಚಿದರಾಯಿತು ಎಂದು ಪೊಟ್ಟಣ ಕಟ್ಟಿಕೊಂಡೆ.

ಬಸ್‌ಸ್ಟ್ಯಾಂಡಿಗೆ ಕಾಕಾ ಬಂದಿದ್ದ. ಬೀಳ್ಕೊಡುವ ಮಾತು ಆಡಿದ್ದು ಒಂದೇ: “ದಾರ್‍ಯಾಗ ಗಂಟು ಬಿಚ್ಚಬ್ಯಾಡ.”

ಹೈದರಾಬಾದು

ವಿಮಾನ ನಿಲ್ದಾಣದ ತಪಾಸಣೆಯವನು ಪರದೆಯಲ್ಲಿ ಡಬ್ಬಿಯೊಳಗನ್ನು ನೋಡಿ ಸಣ್ಣಗೆ ನಕ್ಕ.

“ಖಿಲೋನಾ ಹೈ ಕ್ಯಾ?”

ಇಂಥ ಹೊತ್ತಿನಲ್ಲಿ ಬುದ್ಧಿ ಇದ್ದವನು ಹೌದು ಸಾಬ್, ಆಟಿಕೆ ಎಂದು ಹೇಳಿ ಹೋಗುತ್ತಾನೆ. ನಾನು ಕಲಾವಿದ. ಎದೆ ಸೆಟೆಸಿ, ಆ ಎದೆ ಕೋಟಿನೊಳಗೆ ಎಲ್ಲೋ ಕಳೆದುಹೋಗಿದ್ದರೂ, ಹೇಳಿದೆ: “ಖಿಲೋನಾ ನಹೀಂ. ಮಿಲಿಟರಿ ಟ್ರಾನ್ಸ್‌ಪೋರ್ಟ್!”

ಆಮೇಲೆ ನಾಲ್ಕು ಜನ ಬಂದರು. ಮಸ್ಕಿಯ ಕೆಂಪು ಪುಡಿ ಏನು ಎಂದು ಕೇಳಿದರು. ಮಣ್ಣು ಎಂದೆ. ಪಕ್ಕದ ಕಂದು ಪುಡಿ ಏನು ಎಂದರು. ಶೇಂಗಾ ಹಿಂಡಿ, ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ ಎಂದೆ. ಒಬ್ಬ ಹಿಂಡಿಯ ರುಚಿ ನೋಡಿ ಬಿಟ್ಟ; ಮಣ್ಣಿನ ರುಚಿ ನೋಡುವ ಧೈರ್ಯ ಯಾರಿಗೂ ಬರದೆ ಅದನ್ನು ಬುಟ್ಟಿಗೆ ಹಾಕಿದರು. ಡಬ್ಬಿಯ ಗಂಟು ಬಿಚ್ಚಲು ಇಬ್ಬರು ಉಗುರು ಮುರಿದುಕೊಂಡರು. ಕೊನೆಗೆ ಹಿರಿಯ ಅಧಿಕಾರಿ ಪರದೆಯಲ್ಲಿ ಇನ್ನೊಮ್ಮೆ ನೋಡಿ, ನನ್ನನ್ನೂ ನನ್ನ ಕೋಟನ್ನೂ ನೋಡಿ, ಈ ಮನುಷ್ಯನಿಂದ ದೇಶಕ್ಕೆ ಯಾವ ಅಪಾಯವೂ ಇಲ್ಲ ಎಂದು ತೀರ್ಮಾನಿಸಿದ. ಅವನ ಕಣ್ಣಿನಲ್ಲಿದ್ದ ಕರುಣೆಯನ್ನು ನಾನು ಇನ್ನೂ ಮರೆತಿಲ್ಲ.

ಹೀಗೆ ಯುದ್ಧದ ಲಾರಿಗಳು ಗಡಿ ದಾಟಿದವು, ಮಸ್ಕಿಯ ಮಣ್ಣು ಹೈದರಾಬಾದಿನಲ್ಲೇ ಉಳಿಯಿತು. ಗುಡ್ಡದ ರಾಜನಿಗೆ ಸಮಾಧಾನವಾಗಿರಬೇಕು.

ಹಾಲೆಂಡು, ಮೊದಲ ದಿನ

ಮೊದಲೇ ಹೇಳಿಬಿಡುತ್ತೇನೆ: ಈ ಕಥನದಲ್ಲಿ ಹಾಲೆಂಡಿನವರೆಲ್ಲ ಸಿಂಧನೂರಿನ ಕನ್ನಡ ಮಾತಾಡುತ್ತಾರೆ. ಅವರು ಆಡಿದ್ದು ಇಂಗ್ಲಿಷು, ನನಗೆ ತಿಳಿದದ್ದು ಅದರಲ್ಲಿ ಮುಕ್ಕಾಲು, ಉಳಿದ ಕಾಲು ನಾನು ತುಂಬಿದ್ದು. ತಕರಾರಿದ್ದವರು ಕನ್ನಡ ಕಲಿತು ಬರಲಿ.

ಹೆಂಕ್‌ನ ಊರಿನ ಹೆಸರು ಹೇಳಬೇಕಾದರೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡಿರಬೇಕು. ಊರು ಮಾತ್ರ ಪರಿಚಿತ ಅನ್ನಿಸಿತು. ನೆಲ ಚಪ್ಪಟೆ, ಕಣ್ಣು ಹಾಯಿಸಿದಲ್ಲೆಲ್ಲ ಕಾಲುವೆ. ನಮ್ಮಲ್ಲಿ ಕಾಲುವೆಯ ಕೊನೆಯ ರೈತ ನೀರು ಬಿಡಿ ಎಂದು ರಸ್ತೆಗೆ ಇಳಿಯುತ್ತಾನೆ. ಇಲ್ಲಿಯವರು ನೂರಾರು ವರ್ಷದಿಂದ ನೀರೇ ಹೊರಗೆ ಹೋಗು ಎಂದು ಗಾಳಿಯಂತ್ರ ತಿರುಗಿಸುತ್ತಿದ್ದಾರೆ. ಒಂದು ಪೈಪು ಹಾಕಿದ್ದರೆ ಎರಡೂ ಕಡೆಯ ತಾಪತ್ರಯ ಮುಗಿಯುತ್ತಿತ್ತು. ಇದನ್ನು ಹೆಂಕ್‌ಗೆ ಹೇಳಿದೆ. ಅವನು ನಗಲಿಲ್ಲ, ಎಷ್ಟು ಕಿಲೋಮೀಟರು ಆಗಬಹುದು ಎಂದು ಲೆಕ್ಕ ಹಾಕತೊಡಗಿದ.

ಹೆಂಕ್ ಕಾಲುವೆಯ ದೋಣಿಯಲ್ಲಿ ಜನರನ್ನು ದಾಟಿಸುವ ಕೆಲಸ ಮಾಡಿ ನಿವೃತ್ತನಾದವನು. ಆರಡಿ ನಾಲ್ಕಂಗುಲ. ಅವನ ಹೆಂಡತಿ ರಿಯಾ ಅವನಿಗಿಂತ ಒಂದಂಗುಲ ಹೆಚ್ಚು. ಕಾಫಿ ಬಂತು. ರಿಯಾ ಬಿಸ್ಕತ್ತಿನ ಡಬ್ಬಿ ತೆರೆದು ಮುಂದೆ ಹಿಡಿದಳು. ವಿಮಾನದ ಊಟ ನನಗೆ ಸೇರಿರಲಿಲ್ಲ. ಹಸಿವಿನಿಂದ ಡಬ್ಬಿಯನ್ನೇ ಕಡಿಯುವ ಹಾಗಿದ್ದೆ. ಆದರೂ ನಾನು ಮರ್ಯಾದಸ್ಥರ ಮನೆತನದವನು. “ಬ್ಯಾಡ್ರಿ” ಎಂದೆ.

ನಮ್ಮಲ್ಲಿ ಮೊದಲ ಬ್ಯಾಡ ಅಂದರೆ ನಮಸ್ಕಾರ, ಎರಡನೆಯದು ಅಂದರೆ ಇನ್ನೊಮ್ಮೆ ಕೇಳಿ, ಮೂರನೆಯದು ಅಂದರೆ ತಾಟಿಗೆ ಹಾಕಿ. ರಿಯಾ ಮೊದಲನೆಯದಕ್ಕೇ “ಆತು” ಎಂದಳು. ಡಬ್ಬಿ ಟಪ್ಪೆಂದು ಮುಚ್ಚಿತು. ಆ ಶಬ್ದವನ್ನು ನಾನು ಈಗ ತುಂಬಾ ಚೆನ್ನಾಗಿ ಅನುಕರಣೆ ಮಾಡುತ್ತೇನೆ.

ಮೇಲಿನ ಕೋಣೆಗೆ ಏಣಿಯಂಥ ಮೆಟ್ಟಿಲು. ಅಲ್ಲಿ ಹೆಂಕ್‌ನ ಸಂಗ್ರಹವಿತ್ತು. ಗೋಡೆ ತುಂಬ ಕಪಾಟು, ಕಪಾಟಿನ ತುಂಬ ಲಾರಿ, ಜೀಪು, ನೀರಿನ ಬಂಡಿ, ಅಡುಗೆ ಬಂಡಿ. ಒಂದೇ ಒಂದು ಟ್ಯಾಂಕಿಲ್ಲ. ಈ ಹುಚ್ಚಿನವರೆಲ್ಲ ಟ್ಯಾಂಕಿನ ಹಿಂದೆ ಬೀಳುತ್ತಾರೆ, ನೀನೇಕೆ ಲಾರಿ ಎಂದು ಕೇಳಿದೆ.

“ಯುದ್ಧದ ಕಡೀ ಚಳಿಗಾಲ” ಎಂದ ಹೆಂಕ್. “ನಮ್ಮವ್ವ ಆಗ ಸಣ್ಣಾಕಿ. ತಿನ್ನಾಕ ಏನೂ ಇಲ್ಲ. ಹೂವಿನ ಗಡ್ಡಿ ಕುದಿಸಿ ತಿಂದ್ರಂತ. ಆಮ್ಯಾಲ ಒಂದಿನ ಈ ರಸ್ತಾದಾಗ ಮಿಲಿಟರಿ ಲಾರಿ ಬಂದ್ವು, ಸಾಲು ಸಾಲು. ಗುಂಡು ಅಲ್ಲ, ಹಿಟ್ಟು ಹೇರ್ಕೊಂಡು. ಅಕಿ ಸಾಯೋತನ ಲಾರಿ ಸಪ್ಪಳ ಕೇಳಿದ್ರ ಕಿಟಕಿಗೆ ಬರ್ತಿದ್ಲು.” ಒಂದು ಲಾರಿಯ ಧೂಳು ಊದಿದ. “ಟ್ಯಾಂಕ್ ಏನ್ ತಂದುಕೊಡ್ತತಿ?”

ಕೀಟಲೆ ಮಾಡದೆ ಪಕ್ಕದ ಲಾರಿಯ ಧೂಳನ್ನು ನಾನು ಊದಿದೆ. ಅಪರೂಪದ ಘಟನೆ, ದಾಖಲಾಗಲಿ.

ಎರಡನೆಯ ದಿನ, ಗಂಟು ಬಿಚ್ಚಿದ್ದು

ಕ್ಲಬ್ಬು ಎಂದರೆ ಒಂದು ಆಟದ ಮೈದಾನದ ಹಿಂದಿನ ಹಾಲ್. ಹದಿನೈದು ಮುದುಕರು, ಉದ್ದನೆಯ ಮೇಜು, ಮೇಜಿನ ಮೇಲೆ ಹೆಂಕ್‌ನ ಊರೇ: ಕಾಲುವೆ, ಮುರಿದ ಸೇತುವೆ, ಪಾಚಿಯಿಂದ ಮಾಡಿದ ಗಿಡಗಳು. ಮೊದಲು ಲಾರಿಗಳ ಪರೀಕ್ಷೆ, ಆಮೇಲೆ ಆಟ. ಪರೀಕ್ಷಕನ ಹೆಸರು ವಿಲ್ಲೆಮ್, ಭೂಮಾಪನ ಮಾಡಿ ನಿವೃತ್ತನಾದವನು. ಅವನು ಕೈಕುಲುಕುವಾಗಲೂ ಅಳತೆ ತೆಗೆದುಕೊಂಡ ಹಾಗಿತ್ತು. “ಹನ್ನೊಂದು ಗಂಟೆಗೆ ನೋಡ್ತೀನಿ” ಎಂದ. ಆಗ ಹತ್ತೂವರೆ.

ಕಾಕಾನ ಗಂಟಿಗೆ ಮೂವರು ಸೋತರು. ಕೊನೆಗೆ ಹೆಂಕ್ ದೋಣಿಯವನ ಬೆರಳು ಆಡಿಸಿ ಬಿಚ್ಚಿದ. “ಈ ಗಂಟು ಹಾಕಿದಾವ ಕಸುಬುದಾರ” ಎಂದ. ನಾನು ಹೆಮ್ಮೆಯಿಂದ ಮೊದಲ ಲಾರಿ ಎತ್ತಿ ಬೆಳಕಿಗೆ ಹಿಡಿದೆ.

ಹಿಡಿದವನು ಹಿಡಿದ ಹಾಗೆಯೇ ನಿಂತೆ.

ಮಾಸಲು ಹಸಿರಿನ ಮಿಲಿಟರಿ ಲಾರಿಯ ಹಣೆಯ ಮೇಲೆ ಹಳದಿ ಅಕ್ಷರದಲ್ಲಿ: ಶ್ರೀ ಅಮರೇಶ್ವರ ಪ್ರಸನ್ನ. ಹಿಂದಿನ ಹಲಗೆಯ ಮೇಲೆ ಕೆಂಪು ಅಂಚು ಎಳೆದು: ಹುಷಾರಾಗಿ ಹೋಗಿ ಬಾ. ಬಾಗಿಲ ಮೇಲೆ, ಎಳ್ಳಿನ ಗಾತ್ರದ ಅಕ್ಷರದಲ್ಲಿ: ಮಾಲಕರು, ಶ್ರೀ ಶರಣಬಸವ, ಸಿಂಧನೂರು.

ಎರಡನೆಯ ಲಾರಿ ತೆಗೆದೆ. ಅದೇ. ಹನ್ನೆರಡೂ ಅದೇ. ಹುಟ್ಟಿದಾಗಿನಿಂದ ಮಂಗ್ಯಾ ಎಂಬುದರ ಹೊರತು ನನ್ನನ್ನು ಬೇರೆ ಹೆಸರಿನಿಂದ ಕರೆಯದವನು ಹನ್ನೆರಡು ಸಲ ನನಗೆ ಶ್ರೀ ಹಚ್ಚಿದ್ದ. ಅದೂ ಹೆಂಕ್‌ನ ಲಾರಿಗಳ ಮೇಲೆ.

ಹೆಂಕ್ ಕನ್ನಡಕ ಏರಿಸಿದ. “ಇದೇನು?”

“ತಡಿ, ಹೇಳ್ತೀನಿ” ಎಂದು ಹೊರಗೆ ಓಡಿ ಫೋನು ಹಚ್ಚಿದೆ.

“ಕಾಕಾ, ಏನ್ ಮಾಡಿಯೋ ಮಾರಾಯಾ! ಲಾರಿ ಮ್ಯಾಲ ಬರ್ದಿಯಲ್ಲೋ!”

“ಮತ್ತ? ಬರೀಲ್ದ ಕಳಸ್ಬೇಕಿತ್ತೇನು?” ಹಿಂದೆ ಯಾರೋ ತಗಡು ಬಡಿಯುವ ಸದ್ದು. “ಪರದೇಶಕ್ಕ ಹೊಂಟಾವು. ಮಾಲಕರ ಹೆಸರಿಲ್ದ, ದೇವರ ಹೆಸರಿಲ್ದ, ಬೇವಾರ್ಸಿ ಹಂಗ ಹೋಗಬೇಕಾ? ನಮ್ಮ ಶೆಡ್ಡಿನಿಂದ ಇವತ್ತಿನತನ ಒಂದು ಲಾರಿ ಬೋಳು ಹೋಗಿಲ್ಲ.”

“ಅವು ಹೆಂಕ್‌ನ ಲಾರಿ!”

“ಬಣ್ಣ ಯಾರು ಹಚ್ಚಿದ್ದು?”

“ನಾನು.”

“ಮತ್ತೇನು.” ಅವನ ಪಾಲಿಗೆ ಕೋರ್ಟು ಮುಗಿದಿತ್ತು. “ಮೂರು ಕೂದಲಿನ ಬ್ರಷ್ಷೇನ್ಲೇ ಅದು? ಎರಡು ಕೂದಲು ನಡುವ ಕಿತ್ತು ಬಂದ್ವು. ಕಡೀ ಐದು ಲಾರಿ ಒಂದ ಕೂದಲಿನ್ಯಾಗ ಬರ್ದೀನಿ. ಕಣ್ಣು ಉರ್‍ಯಾಕತ್ತಾವು. ಇಡು ಫೋನು.”

ಒಳಗೆ ಬಂದೆ. ಗಡಿಯಾರದಲ್ಲಿ ಹದಿನೈದು ನಿಮಿಷ ಉಳಿದಿತ್ತು. ಕ್ಲಬ್ಬಿನವರ ಬಣ್ಣದ ಪೆಟ್ಟಿಗೆಯಲ್ಲಿ ಹತ್ತಿ ಸುತ್ತಿದ ಕಡ್ಡಿ ಇತ್ತು, ಥಿನ್ನರ್ ಇತ್ತು. ಒಂದು ಲಾರಿಗೆ ಒಂದು ನಿಮಿಷದ ಹಾಗೆ ಲೆಕ್ಕ ಹಾಕಿದೆ, ಎಲ್ಲ ಒರೆಸಬಹುದಿತ್ತು. ಹನ್ನೆರಡು ಬೋಳು ಲಾರಿ, ಇನ್ನೂರು ಲಾರಿಯ ಕೆಲಸ, ಬೆಳಕು ಬರುವ ಮೂಲೆ. ಕಡ್ಡಿ ಅದ್ದಿದೆ. ಭೂತಗನ್ನಡಿ ಹಿಡಿದು ಬಾಗಿಲಿನ ಮೇಲೆ ಬಗ್ಗಿದೆ.

ಅಲ್ಲಿ ಕಂಡದ್ದನ್ನು ಹೇಗೆ ಹೇಳಲಿ. ಎಳ್ಳುಕಾಳಿನಷ್ಟು ‘ಶ್ರೀ’ಗೆ ನೆರಳು ಕೊಟ್ಟಿದ್ದ. ಒತ್ತಕ್ಷರದ ಬಾಲವನ್ನು ಎಮ್ಮೆಗಾತ್ರದ ಲಾರಿಯ ಮೇಲೆ ತಿರುವುವ ಹಾಗೆಯೇ ತಿರುವಿದ್ದ. ನಾನು ಆರು ವರ್ಷದಿಂದ ಈ ಅಳತೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಅಂಥ ಒಂದು ಗೆರೆ ನನ್ನ ಕೈಯಿಂದ ಬಂದಿಲ್ಲ. ಆಟಿಗಿ ಸಾಮಾನಂತೆ.

ಕಡ್ಡಿಯ ಮೇಲಿನ ಥಿನ್ನರ್ ಆರಿಹೋಯಿತು. ಇನ್ನೊಮ್ಮೆ ಅದ್ದಿದೆ. ಅದೂ ಆರಿತು. ಹನ್ನೊಂದಾಯಿತು.

ಲಿಂಗಸುಗೂರು ಟ್ರಾನ್ಸ್‌ಪೋರ್ಟ್ ಕಂಪನಿ

ಹನ್ನೊಂದು ಎಂದರೆ ಹನ್ನೊಂದು. ವಿಲ್ಲೆಮ್ ಬಂದು ಬಗ್ಗಿ ನೋಡಿದ.

“ಈ ಬರಹ ಏನು?”

ಸತ್ಯ ನಾಲಿಗೆಯ ತುದಿಯಲ್ಲಿತ್ತು. ಆದರೆ ನನ್ನ ನಾಲಿಗೆ ಬೇರೆಯವರ ದನಿಗೆ ಒಗ್ಗಿದ್ದು, ಎಲ್ಲೋ ಕೇಳಿದ ಒಬ್ಬ ಮಿಲಿಟರಿ ಮೇಜರನ ಗಡಸು ದನಿ ತಾನೇ ಹೊರಟಿತು: “ತುಕಡಿಯ ಗುರುತು. ಭಾರತೀಯ ಸೈನ್ಯ. ಲಿಂಗಸುಗೂರು ಟ್ರಾನ್ಸ್‌ಪೋರ್ಟ್ ಕಂಪನಿ.”

ಲಿಂಗಸುಗೂರಿನಿಂದ ಯುದ್ಧಕ್ಕೆ ಹೊರಟದ್ದು ದೊಡ್ಡಪ್ಪನ ಕೋಟು ಒಂದೇ. ಅದು ನನ್ನ ಮೈಮೇಲಿತ್ತು.

ವಿಲ್ಲೆಮ್ ಪುಸ್ತಕ ತೆಗೆದು ಬರೆದುಕೊಂಡ. “ಕಾಗುಣಿತ ಹೇಳು.” ಹೇಳಿದೆ. “ಈ ಕಂಪನಿ ನಾ ಕೇಳಿಲ್ಲ. ಯಾವ ವರ್ಷ ನಮ್ಮ ದೇಶಕ್ಕ ಬಂತು?”

ಅಷ್ಟರಲ್ಲಿ ಹೆಂಕ್ ನನ್ನ ಹೆಗಲ ಮೇಲೆ ಕೈಯಿಟ್ಟ. “ಈ ಹುಡುಗ ಸುಳ್ಳು ಹೇಳೂದಿಲ್ಲ ವಿಲ್ಲೆಮ್. ಅವಗ ಗೊತ್ತಿರ್ತತಿ. ನಮ್ಮವ್ವಗ ಹಿಟ್ಟು ತಂದ ಲಾರ್‍ಯಾಗ ಇವರ ಊರಿನವೂ ಇದ್ವು ಅಂದಂಗಾತು.” ಅವನ ಕಣ್ಣು ತುಂಬಿತ್ತು.

ದೇವರಾಣೆ, ವಿಲ್ಲೆಮ್ ಒಬ್ಬನೇ ಆಗಿದ್ದರೆ ನಾನು ಆ ಕಂಪನಿಗೆ ಒಬ್ಬ ಸುಬೇದಾರನನ್ನೂ ಎರಡು ಪದಕಗಳನ್ನೂ ಕೊಟ್ಟುಬಿಡುತ್ತಿದ್ದೆ. ಆದರೆ ಆ ಮುದುಕನ ತಾಯಿಯ ಕಿಟಕಿಯ ಮುಂದೆ ಸುಳ್ಳು ಲಾರಿ ಓಡಿಸುವುದು ಆಗಲಿಲ್ಲ.

“ಸುಳ್ಳು” ಎಂದೆ. ಈ ಸಲ ನನ್ನದೇ ದನಿ. ನನಗೇ ಗುರುತು ಸಿಗಲಿಲ್ಲ. “ಅಂಥ ಕಂಪನಿ ಇಲ್ಲ. ಬಾಗಿಲ ಮೇಲಿರೂದು ನನ್ನ ಹೆಸರು. ನಮ್ಮಲ್ಲಿ ಲಾರಿ ಮ್ಯಾಲ ಮಾಲಕರ ಹೆಸರು, ದೇವರ ಹೆಸರು ಬರೀಲ್ದ ಹೊರಗ ಬಿಡೂದಿಲ್ಲ. ನಮ್ಮ ಕಾಕಾ ನನಗ ಹೇಳಲ್ದ ಬರ್ದಾನ. ಹಿಂದ ಬರ್ದಿದ್ದು, ಹುಷಾರಾಗಿ ಹೋಗಿ ಬಾ ಅಂತ.”

ಹೆಂಕ್ ನನ್ನ ಹೆಗಲ ಮೇಲಿನ ಕೈ ತೆಗೆದ.

ವಿಲ್ಲೆಮ್ ಬರೆದದ್ದಕ್ಕೆ ಅಡ್ಡಗೆರೆ ಎಳೆದ, ಸ್ಕೇಲು ಇಟ್ಟು. “ಬಣ್ಣ ಸರಿ ಐತಿ. ಚಕ್ರದ ಕೆಸರು ಭಾಳ ಸರಿ ಐತಿ. ಆದ್ರ ಸಂಗ್ರಹಾಲಯಕ್ಕ ಇದು ನಡಿಯೂದಿಲ್ಲ. ನೀ ಸುಳ್ಳು ಹೇಳಿದ್ದೂ ನಡಿಯೂದಿಲ್ಲ. ಕೆಲಸ ಬ್ಯಾರೆಯವರಿಗೆ ಹೋಗ್ತತಿ.” ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನಮ್ಮಲ್ಲಾದರೆ ‘ನೋಡೋಣ, ಫೋನ್ ಮಾಡ್ತೀವಿ’ ಎಂದು ಆರು ತಿಂಗಳು ಸುಖವಾಗಿ ಇಡುತ್ತಿದ್ದರು. ಇಲ್ಲಿ ಬಿಸ್ಕತ್ತಿನ ಡಬ್ಬಿ ಮುಚ್ಚಿದ ಹಾಗೆ: ಟಪ್.

ಹೆಂಕ್ ಒಂದು ಲಾರಿ ಎತ್ತಿಕೊಂಡು ಹಿಂದಿನ ಹಲಗೆಯನ್ನು ಬೆಳಕಿಗೆ ತಿರುಗಿಸಿದ.

“ಹುಷಾರಾಗಿ ಹೋಗಿ ಬಾ” ಎಂದ ಮೆಲ್ಲಗೆ. “ಲಾರಿಗೆ ಹೇಳಿದ್ದಾ, ನಿನಗ ಹೇಳಿದ್ದಾ?”

“ನಮ್ಮ ಕಾಕಾ ನನಗ ಅಂಥಾ ಮಾತು ಹೇಳೂದಿಲ್ಲ” ಎಂದೆ.

“ಹಂ” ಎಂದ ಹೆಂಕ್. “ಒರಸ್ಬ್ಯಾಡ. ಹಿಂಗ ಓಡಲಿ.”

ಅದೇ ದಿನ, ಮಧ್ಯಾಹ್ನದ ಯುದ್ಧ

ಆಟದ ನಿಯಮ ಸರಳ. ಹೆಂಕ್‌ನ ಹನ್ನೆರಡು ಲಾರಿಗಳು ಹಿಟ್ಟು ಹೊತ್ತು ಮೇಜಿನ ಆ ತುದಿ ಮುಟ್ಟಬೇಕು. ಎಂಟು ಮುಟ್ಟಿದರೆ ಗೆಲುವು. ತಡೆಯುವವನು ವಿಲ್ಲೆಮ್. ವರ್ಷಕ್ಕೊಮ್ಮೆ ಆಡುತ್ತಾರೆ; ಹೆಂಕ್ ಒಮ್ಮೆಯೂ ಗೆದ್ದಿಲ್ಲ.

ಇವರ ಯುದ್ಧದಂಥ ನಿಶ್ಶಬ್ದವನ್ನು ನಾನು ಶೋಕಸಭೆಯಲ್ಲೂ ಕಂಡಿಲ್ಲ. ದಾಳ ಉರುಳುವುದು, ಟೇಪು ಎಳೆಯುವುದು, ಯಾರೋ ಕೆಮ್ಮುವುದು. ಮೊದಲ ಲಾರಿ ಸೇತುವೆಯ ಏರು ಹತ್ತುವಾಗ ನನ್ನಿಂದ ತಡೆಯಲಾಗಲಿಲ್ಲ. ಭತ್ತ ಹೇರಿದ ಹಳೆಯ ಲಾರಿ ಮೊದಲ ಗೇರಿನಲ್ಲಿ ನರಳುವ ಸದ್ದು ತೆಗೆದೆ. ಎಲ್ಲರೂ ತಿರುಗಿ ನೋಡಿದರು. ನಿಲ್ಲಿಸಿದೆ.

“ನಿಲ್ಲಿಸಬ್ಯಾಡ” ಎಂದ ಹೆಂಕ್.

ಆಮೇಲೆ ನಾನು ಬಿಡಲಿಲ್ಲ. ಗೇರು ಬದಲಿಸಿದೆ, ಗಾಳಿ ಬ್ರೇಕು ಬಿಟ್ಟೆ, ಟೈರು ಒಡೆಸಿದೆ, ಕ್ಲೀನರನಾಗಿ “ಬರ್ಲಿ ಬರ್ಲಿ, ರೈಟ್ ರೈಟ್” ಎಂದು ಬಾಡಿ ತಟ್ಟಿದೆ. ಮೂರನೆಯ ಸುತ್ತಿಗೆ ಇನ್ನೊಬ್ಬ ಮುದುಕ ಹಾರ್ನು ಬಾರಿಸಿದ, ಬಾಯಲ್ಲೇ. ಐದನೆಯದಕ್ಕೆ ಇಡೀ ಹಾಲ್ ಸಿಂಧನೂರಿನ ಗಾಂಧಿ ಸರ್ಕಲ್ ಆಗಿತ್ತು. ವಿಲ್ಲೆಮ್ ಮಾತ್ರ ತುಟಿ ಬಿಗಿದು ಲಾರಿಗಳನ್ನು ಒಂದೊಂದಾಗಿ ತಡೆದು ಹಾಕಿದ, ಮಿಲಿಮೀಟರಿನ ಲೆಕ್ಕದಲ್ಲಿ.

ಎಂಟನೆಯ ಲಾರಿ ತುದಿಗೆ ಎರಡು ಬೆರಳು ದೂರದಲ್ಲಿ ನಿಂತಿತು. ದಾಳದಲ್ಲಿ ಒಂದು ಬಿತ್ತು. ಅಂದರೆ ಇಂಜಿನು ಕೆಟ್ಟಿತು. ಶ್ರೀ ಶರಣಬಸವರ ಲಾರಿ ಕೊನೆಗಳಿಗೆಯಲ್ಲಿ ಕೈಕೊಡುವುದು ಅತ್ಯಂತ ಸಹಜ.

ಹೆಂಕ್ ಸೋತ. ಮುಟ್ಟಿದ ಲಾರಿಗಳನ್ನು ಬೆರಳು ಮಾಡಿ ಎಣಿಸಿದ, ಎರಡು ಸಲ. “ಏಳು” ಎಂದ. “ಏಳು ಲಾರಿ ಹಿಟ್ಟು ಬಂತಲ್ಲ. ಸಾಕು.”

ಲಾರಿ ಒಳಗಿಡುವಾಗ ವಿಲ್ಲೆಮ್ ಭೂತಗನ್ನಡಿ ಹಿಡಿದು ಹತ್ತಿರ ಬಂದ. “ಇಷ್ಟು ಸಣ್ಣಾಗಿ ಬರಿಯಾಕ ನಿಮ್ಮ ಕಾಕಾಗ ಯಂತ್ರ ಐತೇನು?”

“ಒಂದು ಕೂದಲು ಐತಿ” ಎಂದೆ.

ಅವನು ಬ್ಯಾಗಿನಿಂದ ತನ್ನದೊಂದು ಪುಟ್ಟ ಜೀಪು ತೆಗೆದು ಮೇಜಿನ ಮೇಲೆ ಇಟ್ಟ. “ಇದು ನಂದು. ಸಂಗ್ರಹಾಲಯದ್ದಲ್ಲ. ಬಾಗಿಲ ಮ್ಯಾಲ ನನ್ನ ಹೆಸರು ಬರೀಬೇಕು, ಅದ ಅಕ್ಷರದಾಗ. ನಡುವ ಇರಬೇಕು, ಸರಿಯಾಗಿ ನಡುವ.” ಅವನ ಹಿಂದೆ ಹಾರ್ನಿನ ಮುದುಕ ನಿಂತಿದ್ದ. ಅವನ ಹಿಂದೆ ಇನ್ನೊಬ್ಬ. ಹೆಂಕ್ ಸಾಲಿನ ಕೊನೆಗೆ ಹೋಗಿ ನಿಂತ.

ಆ ಸಂಜೆ ರಿಯಾ ಬಿಸ್ಕತ್ತಿನ ಡಬ್ಬಿ ಹಿಡಿದಾಗ “ಹೂಂ” ಎಂದು ಒಮ್ಮೆಗೇ ಎರಡು ತೆಗೆದುಕೊಂಡೆ. ಅವಳು ಡಬ್ಬಿಯನ್ನೂ ನನ್ನನ್ನೂ ನೋಡಿದ ನೋಟಕ್ಕೆ ಇನ್ನೂ ದನಿ ಹುಡುಕುತ್ತಿದ್ದೇನೆ. ಆದರೂ ಹೊರಡುವ ಮುಂಚೆ ಅವಳು ನನ್ನ ಹುಟ್ಟಿದ ದಿನ ಕೇಳಿ ಪಾಯಖಾನೆಗೆ ಹೋದಳು. ಅಲ್ಲಿನವರು ಬೇಕಾದವರ ಹುಟ್ಟುಹಬ್ಬದ ಕ್ಯಾಲೆಂಡರನ್ನು ಅಲ್ಲಿಯೇ ತೂಗುಹಾಕುತ್ತಾರೆ. ಹೀಗಾಗಿ ಪರದೇಶದಲ್ಲಿ ನನ್ನ ಹೆಸರು ಕಾಯಂ ಆಗಿ ಬರೆದ ಸ್ಥಳಗಳು ಎರಡು. ಎರಡನೆಯದನ್ನು ಊರಲ್ಲಿ ಹೇಳಿಲ್ಲ.

ಮತ್ತೆ ಸಿಂಧನೂರು

ಬಸ್ಸಿಳಿದು ಸೀದಾ ಶೆಡ್ಡಿಗೆ ಹೋದೆ. ಕಾಕಾ ಒಂದು ಟ್ರಾಲಿಯ ಮೇಲೆ ಕಮಲ ಬಿಡಿಸುತ್ತಿದ್ದ.

“ಇನ್ನೂರು ಲಾರಿ?”

“ಇಲ್ಲ.”

“ಎಮರಿ ಅಲ್ಲೈತಿ.”

ನಾನು ಚೀಲ ಬಿಚ್ಚಿ ಹದಿನೈದು ಪುಟ್ಟ ಗಾಡಿಗಳನ್ನು ಪತ್ರಿಕೆಯ ಮೇಲೆ ಸಾಲಾಗಿ ಇಟ್ಟೆ. ಹೆಸರಿನ ಪಟ್ಟಿ ಕೊಟ್ಟೆ. ಎಲ್ಲ ಹೇಳಿದೆ: ಸುಳ್ಳು, ಟಪ್, ಏಳು ಲಾರಿ ಹಿಟ್ಟು. ಹೈದರಾಬಾದಿನ ತಪಾಸಣೆಯವನ ದನಿ ತೆಗೆದೆ, ಅವನೆದುರು ಎದೆ ಸೆಟೆಸಿದ ನನ್ನ ದನಿಯನ್ನೂ ತೆಗೆದೆ. ಕಾಕಾ ನಗಲಿಲ್ಲ. ಪಟ್ಟಿಯನ್ನು ದೂರ ಹಿಡಿದು ಓದಿದ.

“ಹೆಂಕ್. ಇವರಿಗೆ ಶ್ರೀ ಹಾಕ್ಬೇಕಾ, ಸಾಹೇಬ್ರು ಅನ್ಬೇಕಾ?”

“ಶ್ರೀ ಹಾಕು.”

“ನನ್ನ ಕೇಳಿ ಬಂದಾವು ಇವು. ನಿನ್ನ ಅಲ್ಲ.”

“ಹೌದು.”

“ಮಾತು ಮಾತ. ನೀ ಕೆಲ್ಸ ತಂದಿಲ್ಲ. ಮೂಲಿ ನಿನಗಿಲ್ಲ” ಎಂದು ಬ್ರಷ್ಷಿನಿಂದ ಶೆಡ್ಡಿನ ಮೂಡಣ ಮೂಲೆ ತೋರಿಸಿದ. “ಮೂಲಿ ನಂದು.”

ಅಲ್ಲಿ ಗೋಡೆಯ ತಗಡನ್ನು ಚೌಕಾಗಿ ಕತ್ತರಿಸಿ ಕಿಟಕಿ ಮಾಡಿದ್ದ. ಫೋನಿನಲ್ಲಿ ಕೇಳಿದ ತಗಡಿನ ಸದ್ದು ನೆನಪಾಯಿತು. ಕಿಟಕಿಯ ಕೆಳಗೆ ಒಂದು ಹಲಗೆಯ ಮೇಜು, ಎರಡು ಸ್ಟೂಲು. ಅದರಲ್ಲೊಂದು ಗಿಡ್ಡ.

“ಆ ಗಿಡ್ಡದ್ದು ಯಾರಿಗೆ?”

“ನಾಯಿಗೆ” ಎಂದ ಕಾಕಾ. “ಅದು ಬರ್ಲಿಲ್ಲಾಂದ್ರ ನೀ ಕುಂದರು.”

ಮೊನ್ನೆ ಅದರ ಮೇಲೆ ಕೂತು ನಾನು ವಿಲ್ಲೆಮ್‌ನ ಜೀಪಿನ ಚಕ್ರಕ್ಕೆ ಕೆಸರು ಹಚ್ಚುತ್ತಿದ್ದೆ. ಕಾಕಾ ಅದರ ಬಾಗಿಲಿನ ಸರಿಯಾದ ನಡುವನ್ನು ಸ್ಕೇಲಿನಿಂದ ಹುಡುಕಿ ಹುಡುಕಿ ಹಾಲೆಂಡಿನವರನ್ನೆಲ್ಲ ಬೈದು ಆಗಷ್ಟೇ ಎದ್ದಿದ್ದ. ಅಷ್ಟರಲ್ಲಿ ಟ್ರಾಲಿ ಒಯ್ಯಲು ವಳಕಮದಿನ್ನಿಯ ಗೌಡರು ಬಂದರು. ಮೇಜಿನ ಮೇಲಿನ ಒಂದು ಲಾರಿಯನ್ನು ಎರಡು ಬೆರಳಲ್ಲಿ ಎತ್ತಿ ನಕ್ಕರು.

“ಏನ್ ಅಮರೇಶಪ್ಪ, ಈ ವಯಸ್ಸಿನ್ಯಾಗ ಆಟಿಗಿ ಸಾಮಾನು ಹಿಡಿದೀಯಲ್ಲ?”

ಕಾಕಾ ಬೀಡಿ ಕೆಳಗಿಟ್ಟ. ಎದೆ ಸೆಟೆಸಿದ. ಗಂಟಲಿನಿಂದ ಹೊರಟದ್ದು ಅವನ ದನಿಯಲ್ಲ, ನನ್ನದು, ಆ ಕೋಟಿನೊಳಗಿನ ಬೆದರುಬೊಂಬೆಯ ದನಿ, ಒಂದಿಷ್ಟೂ ತಪ್ಪಿಲ್ಲದೆ:

“ಖಿಲೋನಾ ನಹೀಂ. ಮಿಲಿಟರಿ ಟ್ರಾನ್ಸ್‌ಪೋರ್ಟ್!”

ಗೌಡರು ಲಾರಿಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿಟ್ಟರು. ಕಾಕಾನಿಗೆ ಕುರ್ಚಿ ಒರೆಸಿ ಕೊಡಲು ನಾನು ಎದ್ದೆ.